ಬಾಡಿಗೆ ರಶೀದಿಗೆ ಯಾಕಿಷ್ಟು ಜಗಳ?

ಜನವರಿ-ಫೆಬ್ರವರಿ ಬಂತೆಂದರೆ ಕೂಡ್ಲಿಗಿ, ಕೊಟ್ಟೂರು ಕಡೆ ಹೊಸದಾಗಿ ನೌಕರಿಗೆ ಸೇರಿದ ಹುಡುಗರಿಗೆ ಒಂದು ತಲೆನೋವು ಶುರು. ಆಫೀಸಿನ ಗುಮಾಸ್ತರು ‘ಬಾಡಿಗೆ ರಶೀದಿ ತಂದುಕೊಡಪ್ಪ, ಟ್ಯಾಕ್ಸ್ ಉಳಿತೈತಿ’ ಅಂತಾರೆ. ಮನೆ ಮಾಲೀಕರು ‘ರಶೀದಿ ಗಿಶೀದಿ ಕೊಡಂಗಿಲ್ಲ, ಇರಂಗಿದ್ರ ಇರು’ ಅಂತಾರೆ. ನಡುವೆ ಸಿಕ್ಕ ಹುಡುಗ ಹಗರಿಬೊಮ್ಮನಹಳ್ಳಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಪಕ್ಕದವರ ಮುಂದೆ ಗೋಳು ತೋಡಿಕೊಳ್ಳುತ್ತಾನೆ.

ಪಿಯುಸಿಯನ್ನು ಅರ್ಧಕ್ಕೇ ಬಿಟ್ಟವನು ನಾನು. ಆದರೂ ಕಾಗದ ಪೆನ್ಸಿಲ್ ಹಿಡಿದು ಕೂತು ಲೆಕ್ಕ ಹಾಕಿ ನೋಡಿದೆ. ಸಂಬಳ ತಿಂಗಳಿಗೆ ಲಕ್ಷದೊಳಗಿದ್ದು ಬೇರೆ ಆದಾಯ ಇಲ್ಲದವರಿಗೆ ಟ್ಯಾಕ್ಸಿನ ಸಲುವಾಗಿ ಈ ಜಗಳವೇ ಬೇಕಿಲ್ಲ!

ಹೇಗೆ ಅಂತೀರಾ? ಬಾಡಿಗೆ ಕಟ್ಟಿದ್ದಷ್ಟಕ್ಕೂ ತೆರಿಗೆ ಮಾಫಿ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಮೂರು ಲೆಕ್ಕ ಹಾಕಬೇಕು: ಕೈಗೆ ಬಂದ ಬಾಡಿಗೆ ಭತ್ಯೆ ಎಷ್ಟು, ಮೂಲ ವೇತನ, ತುಟ್ಟಿಭತ್ಯೆ ಕೂಡಿಸಿದ್ದರಲ್ಲಿ 40 ಪರ್ಸೆಂಟ್ ಎಷ್ಟು, ಕಟ್ಟಿದ ಬಾಡಿಗೆಯಲ್ಲಿ ಅದೇ ಸಂಬಳದ 10 ಪರ್ಸೆಂಟ್ ಕಳೆದರೆ ಉಳಿದದ್ದೆಷ್ಟು. ಮೂರರಲ್ಲಿ ಯಾವುದು ಸಣ್ಣದೋ ಅಷ್ಟಕ್ಕೆ ಮಾತ್ರ ಮಾಫಿ.

ನಮ್ಮ ಊರುಗಳಲ್ಲಿ ಭತ್ಯೆಯೇ ಸಣ್ಣದು. ರಾಜ್ಯ ಸರ್ಕಾರಿ ನೌಕರರಿಗೆ 2024ರ ಆಗಸ್ಟಿನಿಂದ ಬೆಂಗಳೂರಿನಲ್ಲಿ ಮೂಲ ವೇತನದ ಶೇ. 20 ಆದರೆ, 5 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಲ್ಲಿ ಶೇ. 7.5. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಜಿಲ್ಲೆ ಎಷ್ಟು ಸಲ ಬದಲಾದರೂ ಭತ್ಯೆಯ ಲೆಕ್ಕದಲ್ಲಿ ಅದು ಸಣ್ಣ ಊರೇ.

ಒಬ್ಬ ಹುಡುಗನಿಗೆ ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 50 ಸಾವಿರ, ಬಾಡಿಗೆ ಭತ್ಯೆ 3,300 ಎಂದಿಟ್ಟುಕೊಳ್ಳಿ. ಹಡಗಲಿಯಲ್ಲಿ 6 ಸಾವಿರದ ಮನೆ. ಹತ್ತು ಪರ್ಸೆಂಟ್ ಅಂದರೆ 5 ಸಾವಿರ ಕಳೆದರೆ ಉಳಿಯುವುದು 1 ಸಾವಿರ. ವರ್ಷಕ್ಕೆ 72 ಸಾವಿರ ಬಾಡಿಗೆ ಕಟ್ಟಿದವನಿಗೆ ಮಾಫಿ 12 ಸಾವಿರಕ್ಕೆ. ಶೇ. 20ರ ದರದಲ್ಲಿ ಸೆಸ್ ಸೇರಿ ಉಳಿಯುವುದು 2,496 ರೂಪಾಯಿ.

ಅದೂ ಹಳೇ ಪದ್ಧತಿ ಆರಿಸಿಕೊಂಡರೆ ಮಾತ್ರ. ಹೊಸ ಪದ್ಧತಿಯಲ್ಲಿ ಬಾಡಿಗೆ ಭತ್ಯೆಗೆ ವಿನಾಯ್ತಿಯೇ ಇಲ್ಲ. ಆದರೆ 2025-26ರ ಸಾಲಿಗೆ ಹೊಸದರಲ್ಲಿ 12 ಲಕ್ಷ 75 ಸಾವಿರದವರೆಗಿನ ಸಂಬಳಕ್ಕೆ ತೆರಿಗೆ ಸೊನ್ನೆ. ನಮ್ಮ ಹುಡುಗ ರಶೀದಿಯ ಆಸೆಗೆ ಹಳೇದಕ್ಕೆ ಹೋದರೆ ಸುಮಾರು 29 ಸಾವಿರ ಕಟ್ಟಬೇಕು. ಎಲ್‌ಐಸಿ, ಕೆಜಿಐಡಿ, ಎನ್‌ಪಿಎಸ್ ಕಳೆದರೆ ಇನ್ನೂ ಇಳಿಯಬಹುದು. ಆದರೆ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲವಲ್ಲ!

ಹಾಗಾದರೆ ಲಾಭ ಯಾರಿಗೆ? ಸಂಬಳ ಅದಕ್ಕೂ ಮೇಲಿದ್ದು, ಬಾಡಿಗೆ ದೊಡ್ಡದಿದ್ದು, ಮನೆ ಸಾಲ, ಉಳಿತಾಯವೂ ಇದ್ದವರಿಗೆ. ಬೆಂಗಳೂರು ಸೇರಿದ ನಿಮ್ಮ ಮಗನಿಗೆ ಇರಬಹುದು. ಅವನು ಎರಡೂ ಲೆಕ್ಕ ಹಾಕಿಸಿ ನೋಡಲಿ. ಸಂಬಳದಾರ ಆಫೀಸಿನಲ್ಲಿ ಒಂದು ಹೇಳಿ, ಗಡುವಿನೊಳಗೆ ರಿಟರ್ನ್ ತುಂಬುವಾಗ ಇನ್ನೊಂದು ಆರಿಸಬಹುದು. ವರ್ಷಕ್ಕೆ ಲಕ್ಷ ದಾಟಿದ ಬಾಡಿಗೆಗೆ ಮಾಲೀಕರ ಪ್ಯಾನ್ ನಂಬರ್ ಕೊಡಬೇಕು. ಸ್ವಂತ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿಗೆ ಓಡಾಡುವವರಿಗೆ ಈ ಮಾಫಿ ಇಲ್ಲ. ಅಪ್ಪನಿಗೇ ಬಾಡಿಗೆ ಕೊಟ್ಟರೆ ನಡೆಯುತ್ತದೆ. ಆದರೆ ದುಡ್ಡು ನಿಜವಾಗಿ ಕೈ ಬದಲಾಗಬೇಕು, ಅಪ್ಪ ಅದನ್ನು ಆದಾಯದಲ್ಲಿ ತೋರಿಸಬೇಕು. ಸುಳ್ಳು ರಶೀದಿ ಹಚ್ಚಿದವರ ಕಥೆ ಬೇರೆ. 2025ರ ಜುಲೈ 14ರಂದು ಇಂಥ ಸುಳ್ಳು ವಿನಾಯ್ತಿ ಹಿಡಿಯಲು ಇಲಾಖೆ ದೇಶದ ಹಲವೆಡೆ ತಪಾಸಣೆ ನಡೆಸಿತು.

ಅಂಗಡಿಕಾರರು ಕೇಳುತ್ತಾರೆ: ‘ನಮಗೆ ಯಾವ ಭತ್ಯೆ ರೀ?’ ವಾಸದ ಮನೆ ಬಾಡಿಗೆಗೆ ನಿಮಗೂ ತಿಂಗಳಿಗೆ ಹೆಚ್ಚೆಂದರೆ 5 ಸಾವಿರದವರೆಗೆ ಕಳೆಯಲು ಅವಕಾಶವಿದೆ. 1961ರ ಕಾಯ್ದೆಯಲ್ಲಿ ಅದಕ್ಕೆ 80ಜಿಜಿ ಎಂದು ಹೆಸರು. ಅದೂ ಹಳೇ ಪದ್ಧತಿಗೇ. ವ್ಯಾಪಾರಸ್ಥರು ಸಂಬಳದವರಂತೆ ವರ್ಷವರ್ಷ ಅತ್ತಿಂದಿತ್ತ ಹಾರುವಂತಿಲ್ಲ. ಹಳೇದಕ್ಕೆ ಹೋಗಿ ಒಮ್ಮೆ ಹೊಸದಕ್ಕೆ ವಾಪಸಾದರೆ, ವ್ಯಾಪಾರ ನಡೆಸುವವರೆಗೆ ಅಲ್ಲೇ. ಆದ್ದರಿಂದ ಆಡಿಟರ್ ಹತ್ತಿರ ಕೂತು ಮಾತಾಡಿ.

ಇನ್ನು ಮನೆ ಮಾಲೀಕರಿಗೆ ಒಂದು ಮಾತು. ರಶೀದಿ ಬರೆದರೆ ಟ್ಯಾಕ್ಸಿನವರು ಬಾಗಿಲಿಗೆ ಬರ್ತಾರೆಂಬ ಭಯ ಬಿಡಿ. ವರ್ಷದ 72 ಸಾವಿರ ಬಾಡಿಗೆಯಲ್ಲಿ ಶೇ. 30 ರಿಪೇರಿಗೀಪೇರಿ ಲೆಕ್ಕಕ್ಕೆ ತಾನಾಗಿ ಕಳೆಯುತ್ತದೆ. ಆದಾಯಕ್ಕೆ ಸೇರುವುದು 50,400.

ರಶೀದಿ ಬೇಕಾಗುವುದು ಇನ್ನೊಂದು ಕಾರಣಕ್ಕೆ. ಮೊದಲ ಸಲ ರೂಮು ಹಿಡಿದಾಗ ಅಡ್ವಾನ್ಸು ಕೊಟ್ಟೆ, ಚೀಟಿ ಕೇಳಲು ನಾಚಿಕೆಯಾಯಿತು. ಖಾಲಿ ಮಾಡುವ ದಿನ ಮಾಲೀಕರು ‘ಯಾವ ಅಡ್ವಾನ್ಸಪ್ಪ?’ ಅಂದರು. ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿಗೆ ನಡೆದೆ.