ದವಡೆಯ ಶಸ್ತ್ರಚಿಕಿತ್ಸೆಗೆ ಮುನ್ನ: ನಿದ್ರೆಯಲ್ಲಿ ಉಸಿರು ನಿಲ್ಲುವವರಿಗೆ ಕೆಲವು ಮಾತು

ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರೂ ಶರೀರವನ್ನು ಎತ್ತಿ ಹಿಡಿದಿರುವ ಉಪಸ್ತಂಭಗಳೆಂದು ಚರಕಸಂಹಿತೆಯು ಹೇಳುತ್ತದೆ. ಆದರೆ ಎಂಟು ತಾಸು ಹಾಸಿಗೆಯಲ್ಲಿ ಮಲಗಿದವರೆಲ್ಲರೂ ನಿದ್ರಿಸಿದರೆಂದು ಹೇಳಲಾಗದು. ಮಲಗಿಯೂ ನಿದ್ರೆಯ ಫಲವನ್ನು ಪಡೆಯದವರು ನಮ್ಮ ನಡುವೆ ಅನೇಕರಿದ್ದಾರೆ.

ಕೆಲವು ವರ್ಷಗಳ ಹಿಂದೆ 46 ವರ್ಷದ ಶಿಕ್ಷಕರೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬರುತ್ತಿದ್ದರು. ಜೋರಾದ ಗೊರಕೆ, ಬೆಳಗಿನ ತಲೆನೋವು, ಹಗಲಿನ ತೂಕಡಿಕೆ, ಮಾತ್ರೆಗೆ ಬಗ್ಗದ ರಕ್ತದೊತ್ತಡ ಅವರ ದೂರುಗಳಾಗಿದ್ದವು. ನಾವು ಇದನ್ನು ಕಫದ ವಿಕಾರವೆಂದು ಬಗೆದು ಎಂಟು ತಿಂಗಳನ್ನು ನಸ್ಯ, ಕಷಾಯ, ಪಥ್ಯಗಳಲ್ಲಿ ಕಳೆದೆವು. ಮೂಗು ಹಗುರವಾಯಿತು, ರೋಗ ಹಗುರವಾಗಲಿಲ್ಲ. ಒಂದು ದಿನ ಜೊತೆಗೆ ಬಂದ ಅವರ ಪತ್ನಿ, “ಗೊರಕಿ ಹೋಗ್ಲಿ ಬಿಡ್ರಿ ಡಾಕ್ಟರ, ನಡುರಾತ್ರ್ಯಾಗ ಉಸುರ ನಿಂತುಬಿಡ್ತೈತ್ರಿ. ನಾನು ಅಳ್ಳಾಡಿಸಿ ಎಬ್ಬಸ್ತೀನ್ರಿ” ಎಂದರು. ಅದೇ ವಾರ ಶಾಲೆಯಿಂದ ಮರಳುವಾಗ ಅವರು ಬೈಕಿನ ಮೇಲೆಯೇ ನಿದ್ದೆಹೋಗಿ ರಸ್ತೆಬದಿಯ ತಗ್ಗಿಗೆ ಬಿದ್ದಿದ್ದರು. ಪ್ರಾಣ ಉಳಿದದ್ದು ಪುಣ್ಯ. ಆ ತಾಯಿಯ ಮಾತನ್ನು ನಾವು ಮೊದಲ ದಿನವೇ ಕೇಳಿ ತಿಳಿಯಬೇಕಿತ್ತು. ಎಂಟು ತಿಂಗಳು ವ್ಯರ್ಥವಾದದ್ದು ನಮ್ಮ ದೋಷವೆಂದು ಒಪ್ಪಿಕೊಂಡೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ರೋಗದ ಸ್ವರೂಪ

ಈ ರೋಗಕ್ಕೆ ಸ್ಲೀಪ್ ಆಪ್ನಿಯಾ ಎಂದು ಹೆಸರು. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಿಗೆಯು ಹಿಂದಕ್ಕೆ ಸರಿದು ಉಸಿರಿನ ದಾರಿ ಮುಚ್ಚುತ್ತದೆ. ಹತ್ತು ಸೆಕೆಂಡಿಗೂ ಹೆಚ್ಚು ಕಾಲ ಉಸಿರು ನಿಂತು, ರಕ್ತದಲ್ಲಿ ಆಮ್ಲಜನಕ ಇಳಿದು, ಮೆದುಳು ಬೆಚ್ಚಿ ಎಚ್ಚರಗೊಳ್ಳುತ್ತದೆ. ಒಂದು ತಾಸಿನಲ್ಲಿ ಉಸಿರು ನಿಲ್ಲುವ ಅಥವಾ ಕುಗ್ಗುವ ಸಂಖ್ಯೆ 5ರಿಂದ 15 ಇದ್ದರೆ ಸೌಮ್ಯ, 15ರಿಂದ 30 ಮಧ್ಯಮ, 30ನ್ನು ಮೀರಿದರೆ ತೀವ್ರ. ನಮ್ಮ ಶಿಕ್ಷಕರ ನಿದ್ರಾಪರೀಕ್ಷೆಯಲ್ಲಿ ಬಂದ ಸಂಖ್ಯೆ 42.

ಇಂಥವರಿಗೆ ಮೊದಲ ಚಿಕಿತ್ಸೆ ಸಿಪ್ಯಾಪ್ ಯಂತ್ರ. 1981ರಲ್ಲಿ ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಪ್ರಕಟಿಸಿದ ಈ ವಿಧಾನದಲ್ಲಿ, ಮುಖಕ್ಕೆ ಕಟ್ಟಿದ ಮುಖವಾಡದ ಮೂಲಕ ಗಾಳಿಯ ಒತ್ತಡ ಹಾಯ್ದು ಗಂಟಲನ್ನು ತೆರೆದಿಡುತ್ತದೆ. ಬಹುಮಂದಿಗೆ ಇದೇ ಸಾಕು. ನಮ್ಮ ಶಿಕ್ಷಕರು ಮುಖವಾಡವನ್ನು ಹಲವು ತಿಂಗಳು ಪ್ರಯತ್ನಿಸಿಯೂ ಮೂರು ತಾಸಿಗಿಂತ ಹೆಚ್ಚು ಸಹಿಸಲಾರದೆ ಹೋದರು. ಅವರು ಸ್ಥೂಲರೂ ಅಲ್ಲ. ಹುಟ್ಟಿನಿಂದಲೇ ಕೆಳದವಡೆ ಚಿಕ್ಕದು, ಗದ್ದ ಹಿಂದಕ್ಕೆ ಸರಿದದ್ದು. ನಾಲಿಗೆಗೆ ಬಾಯಲ್ಲಿ ಸ್ಥಳವೇ ಇರಲಿಲ್ಲ. ಎಲುಬಿನ ಕೊರತೆಯನ್ನು ಯಾವ ಕಷಾಯವೂ ತುಂಬಲಾರದು.

ಆದ್ದರಿಂದ ತಜ್ಞರು ಎರಡೂ ದವಡೆಗಳನ್ನು ಮುಂದಕ್ಕೆ ಸರಿಸುವ ಶಸ್ತ್ರಚಿಕಿತ್ಸೆಯನ್ನು ಸೂಚಿಸಿದರು. ಇದರಲ್ಲಿ ದವಡೆಯ ಎಲುಬುಗಳನ್ನು ಬಾಯಿಯ ಒಳಗಿನಿಂದಲೇ ಕತ್ತರಿಸಿ, ಸುಮಾರು 10 ಮಿಲಿಮೀಟರ್ ಮುಂದೆ ತಂದು, ಟೈಟೇನಿಯಂ ಪಟ್ಟಿ ಮತ್ತು ಸ್ಕ್ರೂಗಳಿಂದ ಬಿಗಿಯುತ್ತಾರೆ. 627 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 86ರಷ್ಟು ಮಂದಿಗೆ ಗಣನೀಯ ಪರಿಹಾರ ದೊರೆತಿತ್ತು. ಸಂಖ್ಯೆ 5ಕ್ಕಿಂತ ಕೆಳಗಿಳಿದು ಪೂರ್ಣ ಗುಣವಾದವರು ಶೇ. 43. ಈ ಎರಡೂ ಅಂಕಿಗಳನ್ನು ತಿಳಿದೇ ರೋಗಿಯು ಒಪ್ಪಿಗೆ ಕೊಡಬೇಕು.

ಪೂರ್ವಕರ್ಮ

ಸುಶ್ರುತಾಚಾರ್ಯರು ಚಿಕಿತ್ಸಾಕರ್ಮವನ್ನು ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮ ಎಂದು ಮೂರಾಗಿ ವಿಂಗಡಿಸಿದ್ದಾರೆ. ಪ್ರಧಾನಕರ್ಮವು ಶಸ್ತ್ರವೈದ್ಯರ ಕೈಯಲ್ಲಿದೆ. ಪೂರ್ವಕರ್ಮದ ಬಹುಭಾಗ ರೋಗಿ ಹಾಗೂ ಮನೆಯವರ ಕೈಯಲ್ಲಿದೆ.

1. ಔಷಧಗಳನ್ನು ಮುಚ್ಚಿಡಬೇಡಿ. ಅರಿವಳಿಕೆ ತಜ್ಞರು ಕೇಳಿದಾಗ ನಮ್ಮ ಶಿಕ್ಷಕರು ರಕ್ತದೊತ್ತಡದ ಮಾತ್ರೆಯೊಂದನ್ನೇ ಹೆಸರಿಸಿದ್ದರು. ನಾವು ಕೊಟ್ಟಿದ್ದ ಅಶ್ವಗಂಧವನ್ನಾಗಲಿ, ಅಂಗಡಿಯಿಂದ ತಾವೇ ತಂದ ಬೆಳ್ಳುಳ್ಳಿಯ ಕ್ಯಾಪ್ಸೂಲನ್ನಾಗಲಿ ಹೇಳಿರಲಿಲ್ಲ. “ಅವು ಔಷಧ ಅಲ್ಲಲ್ರಿ, ಗಿಡಮೂಲಿಕಿ” ಎಂಬುದು ಅವರ ಉತ್ತರ. ಗುಣ ಮಾಡಬಲ್ಲ ದ್ರವ್ಯಕ್ಕೆ ತೊಂದರೆ ಮಾಡುವ ಶಕ್ತಿಯೂ ಇರುತ್ತದೆ. ಅಶ್ವಗಂಧವು ಅರಿವಳಿಕೆಯ ಮಂಪರನ್ನು ಹೆಚ್ಚಿಸಬಹುದು. ಬೆಳ್ಳುಳ್ಳಿ, ಶುಂಠಿಗಳ ಸಾಂದ್ರ ಗುಳಿಗೆಗಳು ರಕ್ತಸ್ರಾವವನ್ನು ಹೆಚ್ಚಿಸಬಹುದು. ಅತಿಮಧುರವು ರಕ್ತದೊತ್ತಡವನ್ನು ಏರಿಸಿ ಪೊಟ್ಯಾಸಿಯಂ ಇಳಿಸಬಲ್ಲದು. ಇಂಥವುಗಳನ್ನು ಸಾಮಾನ್ಯವಾಗಿ ಎರಡು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ನಾವೇ ಪೂರ್ಣ ಪಟ್ಟಿಯನ್ನು ಬರೆದು ಅವರ ಕೈಗೆ ಕೊಟ್ಟು ಕಳುಹಿಸಿದೆವು. ಆದರೆ ಮಧುಮೇಹ, ರಕ್ತದೊತ್ತಡದ ಮಾತ್ರೆಗಳನ್ನೂ ರಕ್ತ ತಿಳಿಗೊಳಿಸುವ ಮಾತ್ರೆಗಳನ್ನೂ ತಜ್ಞರ ಅಪ್ಪಣೆಯಿಲ್ಲದೆ ನಿಲ್ಲಿಸಬಾರದು.

2. ಅಡಿಕೆ, ಗುಟ್ಕಾ, ಬೀಡಿ ಬಿಡಿ. ಧೂಮಪಾನದಿಂದ ಗಾಯ ಮಾಯುವುದು ತಡವಾಗುತ್ತದೆ. ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ಅಡಿಕೆಯನ್ನು ದೀರ್ಘಕಾಲ ಅಗಿದವರ ಬಾಯಿ ಬಿಗಿದು, ಮೂರು ಬೆರಳು ಒಳಗೆ ಹಿಡಿಸದಂತಾಗುತ್ತದೆ. ಹಾಗಿದ್ದರೆ ಉಸಿರಿನ ನಳಿಕೆ ಹಾಕುವುದೂ ಶಸ್ತ್ರಕರ್ಮವೂ ಕಠಿಣ. ಇದನ್ನು ಮೊದಲೇ ತಿಳಿಸಬೇಕು.

3. ಯಂತ್ರವನ್ನು ಕೈಬಿಡಬೇಡಿ. ‘ಹೇಗೂ ಶಸ್ತ್ರಚಿಕಿತ್ಸೆ ಆಗುವುದಲ್ಲ’ ಎಂದು ಸಿಪ್ಯಾಪನ್ನು ಮೂಲೆಗಿಡುವವರಿದ್ದಾರೆ. ಸಹಿಸಲು ಸಾಧ್ಯವಾದಷ್ಟು ಹೊತ್ತು ಹಿಂದಿನ ರಾತ್ರಿಯವರೆಗೂ ಬಳಸಬೇಕು, ಆಸ್ಪತ್ರೆಗೂ ಒಯ್ಯಬೇಕು. ನಿದ್ರೆಯ ಗುಳಿಗೆ ಮತ್ತು ಮದ್ಯ ಈ ರೋಗಿಗಳಿಗೆ ಅಪಾಯಕಾರಿ.

4. ಹಲ್ಲುಗಳನ್ನು ಸಿದ್ಧಗೊಳಿಸಿ. ಹುಳುಕನ್ನು ತುಂಬಿಸಿ, ವಸಡನ್ನು ಸ್ವಚ್ಛಗೊಳಿಸಿಕೊಳ್ಳಬೇಕು. ಬುದ್ಧಿಹಲ್ಲು ಅಡ್ಡವಿದ್ದರೆ ತಿಂಗಳುಗಳ ಮುಂಚೆಯೇ ತೆಗೆಸಬೇಕಾಗಬಹುದು. ಕೆಲವರಿಗೆ ಹಲ್ಲುಗಳಿಗೆ ತಂತಿ ಕಟ್ಟಿ ಸಾಲುಗೂಡಿಸಲು ಒಂದು ವರ್ಷವೂ ಬೇಕಾಗುತ್ತದೆ. ಈ ವಿಳಂಬಕ್ಕೆ ಬೇಸರಿಸಬಾರದು.

5. ಅಡುಗೆಮನೆಯನ್ನು ಅಣಿಗೊಳಿಸಿ. ಶಸ್ತ್ರಚಿಕಿತ್ಸೆಯ ನಂತರ ಮೊದಲು ದ್ರವಾಹಾರ, ಬಳಿಕ ಮೃದು ಆಹಾರ. ಸುಮಾರು ಆರು ವಾರ ಅಗಿಯುವಂತಿಲ್ಲ. ಜೋಳದ ರೊಟ್ಟಿಯಿಲ್ಲದೆ ಊಟವೇ ಅಲ್ಲವೆನ್ನುವ ನಮ್ಮ ಸೀಮೆಯವರಿಗೆ ಇದೊಂದು ತಪಸ್ಸು. ಪಂಚಕರ್ಮದ ನಂತರ ನಾವು ಪೇಯಾ, ವಿಲೇಪಿ, ಯೂಷಗಳೆಂದು ಆಹಾರವನ್ನು ಕ್ರಮವಾಗಿ ಏರಿಸುವ ಪದ್ಧತಿ ಇಲ್ಲಿ ಬಹಳ ಉಪಕಾರಿ. ಅಕ್ಕಿಯ ಗಂಜಿತಿಳಿ, ಸೋಸಿದ ಹೆಸರುಬೇಳೆಯ ಕಟ್ಟು, ರಾಗಿ ಅಂಬಲಿ, ಹಾಲು, ಮಜ್ಜಿಗೆಗಳನ್ನು ದಿನಕ್ಕೆ ಆರೇಳು ಬಾರಿ ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಮಧುಮೇಹಿಗಳು ಪ್ರಮಾಣವನ್ನು ವೈದ್ಯರಲ್ಲಿ ಕೇಳಬೇಕು. ಮಿಕ್ಸರ್, ಸಣ್ಣ ಜರಡಿ, ಮೆದು ಬ್ರಷ್ಷುಗಳನ್ನು ಮೊದಲೇ ತಂದಿಡಿ. ತೂಕ ತುಸು ಇಳಿಯುವುದು ಸಹಜ.

6. ಮನೆಯವರೂ ಕಲಿಯಲಿ. ಮೊದಲ ರಾತ್ರಿಗಳಲ್ಲಿ ಜೊತೆಗಿರುವವರು ಯಾರು? ತಲೆಯನ್ನು ಎತ್ತರದಲ್ಲಿರಿಸಿ ಮಲಗಿಸುವುದು ಹೇಗೆ? ಹಲ್ಲುಗಳನ್ನು ರಬ್ಬರಿನಿಂದ ಬಿಗಿದಿದ್ದಾಗ ವಾಂತಿಯಾದರೆ ಏನು ಮಾಡಬೇಕು? ಇವನ್ನು ಬಿಡುಗಡೆಯ ದಿನಕ್ಕೆ ಬಿಡದೆ ಮೊದಲೇ ಕೇಳಿ ಬರೆದುಕೊಳ್ಳಿ. ಮಾತು ಕಷ್ಟವಾಗುವುದರಿಂದ ನಮ್ಮ ಶಿಕ್ಷಕರು ತಮ್ಮ ಶಾಲೆಯಿಂದ ಪಾಟಿ-ಬಳಪ ತರಿಸಿಕೊಂಡಿದ್ದರು.

7. ಮನಸ್ಸನ್ನು ಸಿದ್ಧಗೊಳಿಸಿ. ಮುಖ ಬಾತು ಗುರುತು ಸಿಗದಂತಾಗುತ್ತದೆ. ಬಾವು ಇಳಿದ ಮೇಲೂ ಮುಖದ ಆಕಾರ ತುಸು ಬದಲಾಗಿರುತ್ತದೆ. ಕೆಳತುಟಿ, ಗದ್ದಗಳ ಜೋಮು ತಿಂಗಳುಗಟ್ಟಲೆ ಇರಬಹುದು, ಕೆಲವರಿಗೆ ಉಳಿದೇಬಿಡುತ್ತದೆ. ತಿಳಿದು ಒಪ್ಪಿದವರಿಗೆ ಇದು ಆಘಾತವಾಗದು.

8. ಉಪವಾಸದ ನಿಯಮ ಮೀರಬೇಡಿ. ಮುಖರೋಗಗಳಲ್ಲಿ ಊಟ ಮಾಡದವನಿಗೇ ಶಸ್ತ್ರಕರ್ಮ ಮಾಡಬೇಕೆಂದು ಸುಶ್ರುತಸಂಹಿತೆಯೇ ವಿಧಿಸಿದೆ. ಆಸ್ಪತ್ರೆಯವರು ಹೇಳಿದ ಹೊತ್ತಿನ ನಂತರ ಒಂದು ಗುಟುಕು ಚಹಾ ಕೂಡ ಸಲ್ಲದು. ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ.

ಕೊನೆಯ ಮಾತು

ಆರು ತಿಂಗಳ ನಂತರ ಮತ್ತೆ ನಿದ್ರಾಪರೀಕ್ಷೆ ಮಾಡಿಸಿದಾಗ ಶಿಕ್ಷಕರ ಸಂಖ್ಯೆ 42ರಿಂದ 6ಕ್ಕೆ ಇಳಿದಿತ್ತು. ಕೆಳತುಟಿಯ ಎಡಭಾಗದಲ್ಲಿ ಇನ್ನೂ ಜೋಮಿದೆ, ರಕ್ತದೊತ್ತಡದ ಮಾತ್ರೆಯೂ ಮುಂದುವರಿದಿದೆ. ಆದರೆ ಹಗಲು ತೂಕಡಿಸುವುದಿಲ್ಲ, ಬೈಕಿನಲ್ಲಿ ಶಾಲೆಗೆ ಹೋಗಿಬರುತ್ತಾರೆ. ಅವರ ಪತ್ನಿ ಮಾತ್ರ, ಸಪ್ಪಳವಿಲ್ಲದ ರಾತ್ರಿಗೆ ಹೆದರಿ ಬಹಳ ದಿನ ಎದ್ದು ಅವರ ಮೂಗಿನ ಬಳಿ ಕೈಯಿಟ್ಟು ನೋಡುತ್ತಿದ್ದರಂತೆ.

ಈಗ ಗೊರಕೆಯ ದೂರು ಹೊತ್ತು ಯಾರೇ ಬಂದರೂ ನಾವು ನಾಡಿ ಹಿಡಿಯುವ ಮೊದಲು, ರಾತ್ರಿ ಪಕ್ಕದಲ್ಲಿ ಮಲಗುವವರನ್ನು ಕರೆಸಿ ಕೇಳುತ್ತೇವೆ. ಓದುಗರೂ ಇಂದು ಮನೆಯಲ್ಲಿ ಆ ಪ್ರಶ್ನೆಯನ್ನು ಕೇಳಲಿ. ಉಸಿರು ನಿಲ್ಲುತ್ತದೆಂಬ ಉತ್ತರ ಬಂದರೆ, ಮದ್ದನ್ನು ಹುಡುಕುವ ಮೊದಲು ನಿದ್ರಾಪರೀಕ್ಷೆ ಮಾಡಿಸಲಿ.