ಹಾರ್ಮೋನಿಯಂ ರಿಪೇರಿ ಎಲ್ಲಿ?

ನನ್ನ ಹಾರ್ಮೋನಿಯಂನ ಗಾಳಿಯೊತ್ತುವ ತಿದಿ ಹರಿದಾಗ ರಿಪೇರಿಯವರನ್ನು ಹುಡುಕಿ ಮೂರು ಊರು ಅಲೆದೆ.

"ತಾತ, ಇಂಥವರ ವಿಳಾಸಗಳನ್ನೆಲ್ಲ ಒಂದು ವೆಬ್‌ಸೈಟಿಗೆ ಹಾಕೋಣ" ಎಂದಳು ಮೊಮ್ಮಗಳು. 1994ರಲ್ಲಿ ಅಮೆರಿಕದ ಜೆರ್ರಿ ಯಾಂಗ್, ಡೇವಿಡ್ ಫೈಲೋ ಎಂಬ ವಿದ್ಯಾರ್ಥಿಗಳು ಮಾಡಿದ ಜಾಲತಾಣಗಳ ಪಟ್ಟಿಯೇ ಮುಂದೆ ಯಾಹೂ ಆಯಿತಂತೆ! ನಮ್ಮದು ಬರೀ ವಾದ್ಯ ರಿಪೇರಿಯವರದು.

ಒಬ್ಬೊಬ್ಬರಿಗೂ ನಾನೇ ಫೋನ್ ಮಾಡುತ್ತೇನೆ. ಆರು ತಿಂಗಳಿಗೊಮ್ಮೆ ಮತ್ತೆ. ಅಂಗಡಿ ಮುಚ್ಚಿಹೋಗಿದ್ದರೆ ನಮ್ಮನ್ನು ನಂಬಿ ಹೋದವರಿಗೆ ಬಸ್ ಚಾರ್ಜು ದಂಡ. ಗೂಗಲ್ ಜಾಹೀರಾತಿನ ಹಣ 100 ಡಾಲರ್ ಕೂಡುವವರೆಗೆ ಕೈಗೆ ಬಾರದು. ನಮಗೆ 14 ತಿಂಗಳು ಹಿಡಿಯಿತು.

ಈಚೆಗೆ ಒಬ್ಬ ವ್ಯಾಪಾರಿ, ತಮ್ಮ ಹೆಸರನ್ನು ಮೊದಲು ಹಾಕಿ ಎಂದು ಎರಡು ಸಾವಿರ ಕೊಟ್ಟರು. ನನಗೆ ಆಸೆಯಾಯಿತು, ಸುಳ್ಳೇಕೆ? ಮೊಮ್ಮಗಳು ಹೆಸರನ್ನು ಮೇಲೆ ಹಾಕಿ, ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಜಾಹೀರಾತು' ಎಂದು ಬರೆದಳು. ಅವರು ಹಣ ವಾಪಸ್ ಕೇಳಿದರು. ಕೊಟ್ಟೆವು. ಈಗ ಅವರ ಹೆಸರು ಅಕಾರಾದಿಯಲ್ಲೇ ಇದೆ.