ದನಿಯ ಸೋರ್ಸ್ ಕೋಡ್ ಯಾರ ಹತ್ತಿರ ಇದೆ?

ಮೊಬೈಲಿಗೆ 'ಅಮ್ಮನಿಗೆ ಫೋನ್ ಮಾಡು' ಅಂತ ಹೇಳಿ ಕೆಲಸ ಮುಗಿಸೋದು ನಮಗೆ ಒಂದು ಅನುಕೂಲ, ಅಷ್ಟೇ. ಅದು ತಪ್ಪಾಗಿ ಕೇಳಿಸಿಕೊಂಡರೆ ನಕ್ಕು, ಬೆರಳಲ್ಲಿ ಒತ್ತಿ ಮುಗಿಸುತ್ತೇವೆ. ಆದರೆ ಬೆನ್ನುಹುರಿಗೆ ಪೆಟ್ಟು ಬಿದ್ದು ಕೈ ಆಡದವರಿಗೆ, ಸೆರೆಬ್ರಲ್ ಪಾಲ್ಸಿಯಿಂದ ಬೆರಳು ಹಿಡಿತಕ್ಕೆ ಸಿಗದವರಿಗೆ, ಎಎಲ್‌ಎಸ್‌ನಂಥ ಕಾಯಿಲೆಯಲ್ಲಿ ಸ್ನಾಯುಗಳ ಶಕ್ತಿ ಕಳೆದುಕೊಳ್ಳುತ್ತಿರುವವರಿಗೆ ಈ ಎರಡನೇ ದಾರಿ ಇರುವುದಿಲ್ಲ. 2011ರ ಜನಗಣತಿ ಪ್ರಕಾರ ನಮ್ಮ ದೇಶದಲ್ಲಿ ಚಲನೆಯ ತೊಂದರೆ ಇರುವವರು ಸುಮಾರು 54 ಲಕ್ಷ, ಮಾತಿನ ತೊಂದರೆ ಇರುವವರು ಸುಮಾರು 20 ಲಕ್ಷ. ಇವರಲ್ಲಿ ಅನೇಕರಿಗೆ ಕಂಪ್ಯೂಟರು ಮಾತು ಕೇಳಿಸಿಕೊಳ್ಳೋದು, ಮಾತಾಡೋದು ಅನುಕೂಲವಲ್ಲ, ಅಗತ್ಯ.

ಇಂಥ ತಂತ್ರಜ್ಞಾನ ಓಪನ್ ಸೋರ್ಸ್ ಆಗಿರಬೇಕು ಅಂದಾಗ ಸಾಮಾನ್ಯವಾಗಿ ಎಲ್ಲರೂ 'ಫ್ರೀ ಸಿಗುತ್ತೆ' ಅಂತಷ್ಟೇ ಯೋಚಿಸುತ್ತಾರೆ. ಹಣದ ಮಾತು ನಿಜವೇ. ಆದರೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅದನ್ನು ಸ್ಟೀಫನ್ ಹಾಕಿಂಗ್ ಅವರ ದನಿಯ ಕತೆಯಿಂದಲೇ ನೋಡೋಣ.

ಕಂಪನಿ ಹೋಯಿತು, ದನಿ ಉಳಿಯಬೇಕಿತ್ತು

1985ರಲ್ಲಿ ಹಾಕಿಂಗ್ ಅವರಿಗೆ ನ್ಯುಮೋನಿಯಾ ಬಂದು, ಜೀವ ಉಳಿಸಲು ಗಂಟಲಿಗೆ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಅದರೊಂದಿಗೆ ಮಾತು ನಿಂತಿತು. ಆಮೇಲೆ ಅವರು ಒಂದು ಸ್ವಿಚ್ ಒತ್ತಿ ಪರದೆಯ ಮೇಲಿನ ಪದಗಳನ್ನು ಆರಿಸುತ್ತಿದ್ದರು. ಕೈಯೂ ಸೋತ ಮೇಲೆ ಕನ್ನಡಕಕ್ಕೆ ಕೂರಿಸಿದ ಇನ್‌ಫ್ರಾರೆಡ್ ಸೆನ್ಸರ್ ಕೆನ್ನೆಯ ಸಣ್ಣ ಅಲುಗಾಟವನ್ನು ಗುರುತಿಸುತ್ತಿತ್ತು. ಆರಿಸಿದ ವಾಕ್ಯವನ್ನು ಓದುತ್ತಿದ್ದುದು ಸ್ಪೀಚ್ ಪ್ಲಸ್ ಎಂಬ ಕಂಪನಿಯ 'ಕಾಲ್‌ಟೆಕ್ಸ್ಟ್ 5010' ಅನ್ನೋ ಹಾರ್ಡ್‌ವೇರ್. ಅದರ ದನಿಗೆ ಮೂಲ, ಎಂಐಟಿಯ ಸಂಶೋಧಕ ಡೆನಿಸ್ ಕ್ಲಾಟ್ ತಮ್ಮ ಸ್ವಂತ ದನಿಯನ್ನು ಆಧರಿಸಿ ಮಾಡಿದ ಕೆಲಸ.

ಮುಂದೆ ಎಷ್ಟೋ ಚೆನ್ನಾದ ದನಿಗಳು ಬಂದವು. ಹಾಕಿಂಗ್ ಬದಲಾಯಿಸಲಿಲ್ಲ. ಜಗತ್ತು ಅವರನ್ನು ಗುರುತಿಸುತ್ತಿದ್ದುದು ಆ ದನಿಯಿಂದ, ಅವರೂ ಅದನ್ನು ತಮ್ಮದೇ ಅಂದುಕೊಂಡಿದ್ದರು. ಆದರೆ ಕಂಪನಿ ಕೈಯಿಂದ ಕೈಗೆ ಮಾರಾಟವಾಯಿತು, ಬೋರ್ಡುಗಳು ಹಳೆಯದಾದವು, ಅವುಗಳಲ್ಲಿದ್ದ ಪ್ರೋಗ್ರಾಮಿನ ಸೋರ್ಸ್ ಕೋಡ್ ಪತ್ತೆಯಾಗಲಿಲ್ಲ. ಕೊನೆಗೆ ಒಂದು ತಂಡ ಆ ಇಡೀ ಹಾರ್ಡ್‌ವೇರನ್ನೇ ಸಾಫ್ಟ್‌ವೇರಿನಲ್ಲಿ ಅನುಕರಿಸಲು ಹೊರಟಿತು. ಮೂಲ ಬೋರ್ಡಿನ ಮೇಲೆ ಕೆಲಸ ಮಾಡಿದ್ದ ಎಂಜಿನಿಯರೂ ಅದರಲ್ಲಿದ್ದರು. ಬೋರ್ಡಿನಲ್ಲಿದ್ದ ಎನ್‌ಇಸಿ ಕಂಪನಿಯ ಸಿಗ್ನಲ್ ಪ್ರೊಸೆಸಿಂಗ್ ಚಿಪ್‌ನ ಅನುಕರಣೆ ಅವರಿಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? 'ಹೈಗನ್' ಎಂಬ ಓಪನ್ ಸೋರ್ಸ್ ವಿಡಿಯೋ ಗೇಮ್ ಎಮ್ಯುಲೇಟರಿನಲ್ಲಿ! ಹಳೆಯ ನಿಂಟೆಂಡೊ ಆಟಗಳಿಗಾಗಿ ಯಾರೋ ಬರೆದು ತೆರೆದಿಟ್ಟ ಕೋಡು ಹಾಕಿಂಗ್ ಅವರ ದನಿಗೆ ಆಸರೆಯಾಯಿತು. 2018ರ ಜನವರಿಯಲ್ಲಿ ಒಂದು ಪುಟ್ಟ ರಾಸ್ಪ್‌ಬೆರಿ ಪೈ ಮೇಲೆ ಆ ದನಿ ಓಡಿತು. ಮಾರ್ಚ್ 14ರಂದು ಅವರು ತೀರಿಕೊಂಡರು.

ಹಾಕಿಂಗ್ ಅವರಿಗಾದರೆ ವರ್ಷಗಟ್ಟಲೆ ದುಡಿಯುವ ಎಂಜಿನಿಯರುಗಳು ಸಿಕ್ಕರು. ಉಳಿದವರಿಗೆ? 'ಈ ಉತ್ಪನ್ನಕ್ಕೆ ಸಪೋರ್ಟ್ ನಿಲ್ಲಿಸಲಾಗಿದೆ' ಅನ್ನೋ ಒಂದು ಮೇಲ್ ಬಂದರೆ ಅವರ ಮಾತೂ ಅಲ್ಲಿಗೇ ನಿಲ್ಲಬಹುದು. ಕೋಡು ತೆರೆದಿದ್ದರೆ ಮಾಡಿದವರು ಬಿಟ್ಟರೂ ಬೇರೆಯವರು ಎತ್ತಿಕೊಳ್ಳಬಹುದು. ಹಾಕಿಂಗ್ ಪದ ಆರಿಸಲು ಬಳಸುತ್ತಿದ್ದ 'ಅಕಾಟ್' ಸಾಫ್ಟ್‌ವೇರನ್ನು ಇಂಟೆಲ್ 2015ರಲ್ಲಿ ಓಪನ್ ಸೋರ್ಸ್ ಮಾಡಿದ್ದರಿಂದ ಇವತ್ತು ಅದನ್ನು ಯಾರು ಬೇಕಾದರೂ ಇಳಿಸಿಕೊಂಡು, ಒಂದೇ ಸ್ವಿಚ್ಚಿನಿಂದ ಟೈಪ್ ಮಾಡಬಹುದು.

ಕನ್ನಡದಲ್ಲಿ ಮಾತಾಡುವ ಕಂಪ್ಯೂಟರು

ಹಾಗೆ ಕೈಯಿಂದ ಕೈಗೆ ದಾಟಿ ಬದುಕಿದ ಒಂದು ಸಾಫ್ಟ್‌ವೇರು 'ಈಸ್ಪೀಕ್'. ಜೊನಾಥನ್ ಡಡಿಂಗ್‌ಟನ್ ಎಂಬವರು 1995ರಲ್ಲಿ ಏಕಾರ್ನ್ ಕಂಪ್ಯೂಟರಿಗೆ ಬರೆದ ಪ್ರೋಗ್ರಾಮಿನಿಂದ ಬೆಳೆದದ್ದು ಇದು. ಅದನ್ನು ಈಗ 'ಈಸ್ಪೀಕ್ ಎನ್‌ಜಿ' ಹೆಸರಿನಲ್ಲಿ ಬೇರೆ ಬಳಗ ಮುಂದುವರಿಸುತ್ತಿದೆ. ಅಂಧರು ಬಳಸುವ ಎನ್‌ವಿಡಿಎ ಸ್ಕ್ರೀನ್ ರೀಡರಿನ ಜೊತೆಗೆ ಬರುವ ದನಿಯೂ ಇದೇ. ಕನ್ನಡವೂ ಇದರಲ್ಲಿದೆ.

ಇದು ಯಾರ ದನಿಯನ್ನೂ ರೆಕಾರ್ಡ್ ಮಾಡಿ ಜೋಡಿಸುವುದಿಲ್ಲ. ನಾವು 'ಆ', 'ಈ' ಅನ್ನುವಾಗ ಬಾಯೊಳಗಿನ ಜಾಗದ ಆಕಾರ ಬದಲಾಗಿ ಕೆಲವು ಆವರ್ತನಗಳು ಗಟ್ಟಿಯಾಗುತ್ತವಲ್ಲ, ಅವೇ ಫಾರ್ಮೆಂಟ್‌ಗಳು. ಆ ಆವರ್ತನಗಳನ್ನು ಲೆಕ್ಕ ಹಾಕಿ ದನಿ ಹುಟ್ಟಿಸುವುದು ಇದರ ವಿಧಾನ. ಅದಕ್ಕೇ ಕೇಳಲು ರೋಬೋಟ್ ತರ ಇರುತ್ತೆ. ಆದರೆ ಕೆಲವೇ ಎಂಬಿ ಜಾಗ ಸಾಕು, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತೆ, ಇಂಟರ್ನೆಟ್ ಬೇಡ. ಇನ್ನೂ ಸಹಜವಾದ ದನಿ ಬೇಕಾದವರಿಗೆ ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ನ್ಯೂರಲ್ ಮಾಡೆಲ್‌ಗಳನ್ನು ತೆರೆದಿಟ್ಟಿದೆ.

ಈಸ್ಪೀಕ್‌ನಲ್ಲಿ ಕನ್ನಡದ ಓದುವ ನಿಯಮಗಳು ಇರುವುದು ಸಾದಾ ಪಠ್ಯ ಕಡತಗಳಲ್ಲಿ. ಯಾವ ಅಕ್ಷರಕ್ಕೆ ಯಾವ ಧ್ವನಿ ಅನ್ನೋದು ಒಂದು ಕಡತದಲ್ಲಿ, ಅಂಕಿಗಳು ಮತ್ತು ನಿಯಮ ಮೀರುವ ಪದಗಳು ಇನ್ನೊಂದರಲ್ಲಿ. ಯಾವುದಾದರೂ ಪದ ತಪ್ಪಾಗಿ ಕೇಳಿಸಿದರೆ ಕನ್ನಡ ಬಲ್ಲ ಯಾವ ವಿದ್ಯಾರ್ಥಿಯಾದರೂ ಆ ಸಾಲು ತಿದ್ದಿ ಕಳಿಸಬಹುದು. ಲ್ಯಾಬ್ ಬೇಡ, ಜಿಪಿಯು ಬೇಡ.

ಕಂಪ್ಯೂಟರು ಕೇಳಿಸಿಕೊಳ್ಳಬೇಕಾದರೆ

ಮಾತನ್ನು ಪಠ್ಯವಾಗಿಸುವುದು ಇನ್ನೂ ಕಷ್ಟದ ಕೆಲಸ. ಓಪನ್‌ಎಐ 2022ರಲ್ಲಿ ತೆರೆದಿಟ್ಟ 'ವಿಸ್ಪರ್' ಮಾಡೆಲ್ 6,80,000 ಗಂಟೆಗಳ ಮಾತಿನಿಂದ ಕಲಿತದ್ದು, ಆದರೆ ಅದರಲ್ಲಿ ಕನ್ನಡದ ಪಾಲು ಕೆಲವೇ ಗಂಟೆ. ಈ ಕೊರತೆ ತುಂಬಲು ತೆರೆದ ದತ್ತಾಂಶಗಳು ಬರುತ್ತಿವೆ. ಬೆಂಗಳೂರಿನ ಐಐಎಸ್‌ಸಿಯ ಮೈಲ್ ಲ್ಯಾಬ್ ಸುಮಾರು 350 ಗಂಟೆಗಳ ಕನ್ನಡ ಮಾತನ್ನು ಲಿಪಿಯ ಸಮೇತ ಓಪನ್‌ಎಸ್‌ಎಲ್‌ಆರ್ ತಾಣದಲ್ಲಿ ಇಟ್ಟಿದೆ.

ಆದರೆ ಸ್ಪಷ್ಟವಾಗಿ ಮಾತಾಡುವವರ ದನಿಯಿಂದ ಕಲಿತ ಮಾಡೆಲ್, ಡಿಸಾರ್ಥ್ರಿಯಾ ಇರುವವರ ಮುಂದೆ ತಡವರಿಸುತ್ತೆ. ಡಿಸಾರ್ಥ್ರಿಯಾ ಅಂದರೆ ತುಟಿ, ನಾಲಿಗೆ, ಉಸಿರಿನ ಸ್ನಾಯುಗಳ ಮೇಲೆ ಹಿಡಿತ ಕಡಿಮೆಯಾಗಿ ಮಾತು ತೊದಲುವುದು, ನಿಧಾನವಾಗುವುದು, ಪದದ ಮಧ್ಯೆಯೇ ನಿಲ್ಲುವುದು. ಸೆರೆಬ್ರಲ್ ಪಾಲ್ಸಿ, ಎಎಲ್‌ಎಸ್, ಪಾರ್ಕಿನ್ಸನ್ಸ್ ಇರುವ ಬಹಳ ಜನರಿಗೆ ಇದು ಇರುತ್ತೆ. ಅಂದರೆ ಕೈಯೂ ಆಡದ, ಮಾತಿನಿಂದಲೇ ಕಂಪ್ಯೂಟರ್ ನಡೆಸಬೇಕಾದವರ ಮಾತೇ ಕಂಪ್ಯೂಟರಿಗೆ ಅರ್ಥವಾಗಲ್ಲ. ಇವರ ದನಿಯ ದತ್ತಾಂಶಗಳೂ ಚಿಕ್ಕವು. ಟೊರಾಂಟೊದ 'ಟಾರ್ಗೊ' ಸಂಗ್ರಹದಲ್ಲಿ ಡಿಸಾರ್ಥ್ರಿಯಾ ಇರುವವರು 8 ಜನ. ಚೆನ್ನೈನ ಎಸ್‌ಎಸ್‌ಎನ್ ಕಾಲೇಜಿನ ತಮಿಳು ಸಂಗ್ರಹದಲ್ಲಿ 20 ಜನ.

ಕೋಡು ಕೈಯಲ್ಲಿದ್ದರೆ ಏನು ಮಾಡಬಹುದು ಅನ್ನೋದು ಇಲ್ಲಿ ಚೆನ್ನಾಗಿ ಕಾಣುತ್ತೆ.

ಮೊದಲನೆಯದು, ಕಾಯುವುದು. ಮಾತು ಮುಗಿಯಿತು ಅಂತ ಸಾಫ್ಟ್‌ವೇರ್ ತೀರ್ಮಾನಿಸೋದು ಮೌನದ ಉದ್ದ ನೋಡಿ. 'ಕಾಲ್ಡಿ' ಮತ್ತು ಅದರ ಮೇಲೆ ಕಟ್ಟಿದ 'ವೋಸ್ಕ್'ನಲ್ಲಿ ಇದರ ಒಂದು ನಿಯಮ ಅರ್ಧ ಸೆಕೆಂಡು. ಪದದ ನಡುವೆ ಉಸಿರು ತೆಗೆದುಕೊಳ್ಳುವವರಿಗೆ ಇದು ಮಾತು ಮುಗಿಸುವ ಮೊದಲೇ ಬಾಯಿ ಮುಚ್ಚಿಸಿದ ಹಾಗೆ. ವೋಸ್ಕ್‌ನಲ್ಲಿ ಕಾನ್ಫಿಗ್ ಕಡತದ ಆ ಸಾಲನ್ನು ಎರಡು ಸೆಕೆಂಡಿಗೆ ಬದಲಾಯಿಸಬಹುದು. ಮುಚ್ಚಿದ ಸಾಫ್ಟ್‌ವೇರಿನಲ್ಲಿ ಕಂಪನಿ ಆ ಆಯ್ಕೆ ಕೊಡದಿದ್ದರೆ ಮಾಡುವುದಕ್ಕೆ ಏನೂ ಇಲ್ಲ.

ಎರಡನೆಯದು, ಪದಗಳನ್ನು ಕಡಿಮೆ ಮಾಡುವುದು. ಲೈಟು, ಫ್ಯಾನು, ಫೋನು, 'ನೀರು ಬೇಕು' ಇಂಥ ಮೂವತ್ತು ನಲವತ್ತು ಆಜ್ಞೆಗಳಲ್ಲಿ ಒಂದನ್ನು ಗುರುತಿಸೋದು, ಇಡೀ ನಿಘಂಟಿನಿಂದ ಹುಡುಕೋದಕ್ಕಿಂತ ಎಷ್ಟೋ ಸುಲಭ. ಒಂದೇ ತರ ಕೇಳಿಸುವ ಎರಡು ಆಜ್ಞೆಗಳಿದ್ದರೆ ಒಂದನ್ನು ಬದಲಾಯಿಸಿ, ಆ ವ್ಯಕ್ತಿಗೆ ಸುಲಭವಾಗಿ ಬರುವ ಶಬ್ದ ಇಡಬಹುದು.

ಮೂರನೆಯದು, ಅದೇ ವ್ಯಕ್ತಿಯ ದನಿಯಿಂದ ಮಾಡೆಲನ್ನು ಮತ್ತಷ್ಟು ಕಲಿಸುವುದು. ಡಿಸಾರ್ಥ್ರಿಯಾ ಇರುವ ಇಬ್ಬರ ಮಾತು ಒಂದೇ ರೀತಿ ಇರುವುದಿಲ್ಲ, ಆದರೆ ಒಬ್ಬರದೇ ಮಾತಿನಲ್ಲಿ ಒಂದು ಜಾಡು ಇರುತ್ತೆ. ಮನೆಯವರಿಗೆ ಅವರ ಮಾತು ಅರ್ಥವಾಗೋದೂ ಹಾಗೇ ತಾನೇ! ಇದೆಲ್ಲ ಮನೆಯ ಕಂಪ್ಯೂಟರಿನಲ್ಲೇ ನಡೆದರೆ, ಶೌಚಕ್ಕೆ ಹೋಗಬೇಕು ಅನ್ನೋ ಮಾತು ಕೂಡ ಯಾವುದೋ ಸರ್ವರಿಗೆ ಹೋಗೋದು ತಪ್ಪುತ್ತೆ.

ಇನ್ನೂ ಉಳಿದ ಕೆಲಸ

ಓಪನ್ ಸೋರ್ಸ್ ಅಂದಮಾತ್ರಕ್ಕೆ ಎಲ್ಲ ಸರಿಯಿದೆ ಅಂತಲ್ಲ. ಟೈಪ್ ಮಾಡಲಾಗದವರಿಗಾಗಿ ಮಾಡಿದ ಸಾಫ್ಟ್‌ವೇರನ್ನು ಹಾಕಿಕೊಳ್ಳಲು ಹತ್ತು ಕಮಾಂಡ್ ಟೈಪ್ ಮಾಡಬೇಕು ಅನ್ನೋ ವಿಚಿತ್ರ ಎಷ್ಟೋ ಕಡೆ ಇದೆ. ಕೈಪಿಡಿ ಇರುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಸ್ವಯಂಸೇವಕರು ದಣಿದರೆ ಯೋಜನೆ ನಿಲ್ಲುತ್ತೆ. ಕೋಡು ಉಳಿದರೂ, ಅದನ್ನು ಓಡಿಸಿಕೊಡುವ ಮನುಷ್ಯ ಬೇಕೇ ಬೇಕು.

ಆ ಮನುಷ್ಯರು ನಾವಾಗಬಹುದು. ಪ್ರತಿ ವರ್ಷ ಫೈನಲ್ ಇಯರ್ ಪ್ರಾಜೆಕ್ಟುಗಳಲ್ಲಿ 'ವಾಯ್ಸ್ ಕಂಟ್ರೋಲ್ಡ್ ವೀಲ್‌ಚೇರ್' ಒಂದಾದರೂ ಇರುತ್ತೆ. ಡೆಮೊ ದಿನ ನಾವೇ ಕೂತು 'ಮುಂದೆ', 'ಹಿಂದೆ' ಅಂತೀವಿ, ಅದು ಓಡುತ್ತೆ, ಮಾರ್ಕ್ಸ್ ಬರುತ್ತೆ, ಮೋಟರು ಬಿಚ್ಚಿ ಲ್ಯಾಬಿಗೆ ವಾಪಸ್. ಅದರ ಬದಲು ಬಳಸುವ ಒಬ್ಬರನ್ನು ಮೊದಲು ಹುಡುಕೋಣ. ಏನು ಬೇಕು ಅಂತ ಅವರನ್ನೇ ಕೇಳಿ, ಒಪ್ಪಿಗೆ ಪಡೆದು, ಅವರು ದಣಿಯದಷ್ಟು ಹೊತ್ತು ಮಾತ್ರ ರೆಕಾರ್ಡ್ ಮಾಡಿ, ಅವರ ನಲವತ್ತು ಪದಗಳಿಗೆ ಸರಿಯಾಗಿ ಕೆಲಸ ಮಾಡುವ ಒಂದು ವ್ಯವಸ್ಥೆ ಮಾಡಿ, ಕೋಡನ್ನೂ ಕನ್ನಡದಲ್ಲಿ ಬರೆದ ಕೈಪಿಡಿಯನ್ನೂ ಎಲ್ಲರಿಗೂ ಸಿಗುವಂತೆ ಇಡೋಣ. ನಾವು ಪಾಸಾಗಿ ಊರು ಬಿಟ್ಟ ಮೇಲೂ ಮುಂದಿನ ಬ್ಯಾಚಿನವರು ಅದನ್ನು ತೆರೆದು ರಿಪೇರಿ ಮಾಡುವ ಹಾಗಿರಬೇಕು.